ನಾಲ್ಕು ತೂತಿನ ಹಟ

ನಮ್ಮ ಆಫೀಸುಗಳಲ್ಲಿ ಗಾಲ್‌ಬ್ಲ್ಯಾಡರ್ ಆಪರೇಷನ್ ಅಂದರೆ ಒಂದು ಉದ್ದನೆಯ ವೀಕೆಂಡ್. ಗುರುವಾರ ಸಂಜೆ ಅಡ್ಮಿಟ್, ಶುಕ್ರವಾರ ಆಪರೇಷನ್, ಶನಿವಾರ ಡಿಸ್ಚಾರ್ಜ್, ಸೋಮವಾರ ವರ್ಕ್ ಫ್ರಮ್ ಹೋಮ್. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿ, ಇನ್ಶೂರೆನ್ಸ್ ಕ್ಯಾಶ್‌ಲೆಸ್. ತೆಗೆದ ಕಲ್ಲುಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟಿರುತ್ತಾರೆ. ಅದರ ಫೋಟೊ ಟೀಮ್ ಗ್ರೂಪಿಗೆ ಬರುತ್ತದೆ, ‘ಏನ್ ಗುರೂ, ಒಳಗೆ ಕ್ವಾರಿ ಇಟ್ಕೊಂಡಿದ್ಯಲ್ಲ’ ಅಂತ ಯಾರೋ ಕಾಮೆಂಟ್ ಹಾಕುತ್ತಾರೆ. ಅಲ್ಲಿಗೆ ಮುಗೀತು.

ಇದೇ ಧಾಟಿಯಲ್ಲಿ ಊರಿಗೂ ಫೋನ್ ಮಾಡುತ್ತೇವೆ. ‘ಏನೂ ಆಗಂಗಿಲ್ಲ ಯವ್ವಾ, ನಾಲ್ಕು ತೂತು ಅಷ್ಟ. ಎರಡು ದಿನದಾಗ ಮನಿಗೆ ಬರ್ತಿ.’ ಆಮೇಲೆ ‘ಡಾಕ್ಟರ್ ಕೈಯಾಗ ಫೋನ್ ಕೊಡು’ ಅಂದು ಅವರಿಗೂ ಅಪ್ಪಣೆ ಕೊಡುತ್ತೇವೆ: ‘ಸರ್, ಲ್ಯಾಪ್ರೋಸ್ಕೋಪಿನೇ ಮಾಡಿ, ಓಪನ್ ಬೇಡವೇ ಬೇಡ.’ ಬೆಂಗಳೂರಿನಲ್ಲಿ ಕೂತು ಎಲ್ಲೋ ಇರುವ ಸರ್ವರ್ ರೀಸ್ಟಾರ್ಟ್ ಮಾಡಿಸಿದಷ್ಟೇ ಸಲೀಸು.

ನನ್ನ ಜಗಳ ಈ ಫೋನ್ ಕರೆಯ ಜೊತೆ. ಕೆಟ್ಟು ಕೂತ ಪಿತ್ತಕೋಶದ ಮುಂದೆ ಸರ್ಜನ್ ಕೈಯಲ್ಲಿರುವ ಅತ್ಯಂತ ಸುರಕ್ಷಿತ ಉಪಾಯ ‘ಇಲ್ಲಿಗೆ ಸಾಕು’ ಅಂತ ನಿಲ್ಲಿಸುವುದು. ಆ ಉಪಾಯವನ್ನೇ ನಾವು, ಅಂದರೆ ಓದಿದ ಮಕ್ಕಳು, ಸರ್ಕಾರದ ಪ್ಯಾಕೇಜು, ಗೂಗಲ್ ರೇಟಿಂಗು ಎಲ್ಲ ಸೇರಿ, ಅವರ ಕೈಯಿಂದ ಕಿತ್ತುಕೊಂಡಿದ್ದೇವೆ. ಅದರ ಬೆಲೆ ಕಟ್ಟುತ್ತಿರುವವರು ವೈಟ್‌ಫೀಲ್ಡಿನವರಿಗಿಂತ ಹೆಚ್ಚಾಗಿ ದೇವದುರ್ಗ, ಮಾನ್ವಿ ಕಡೆಯವರು.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ತೂತಿನ ಆಪರೇಷನ್ ಬಗ್ಗೆ ನನಗೆ ತಕರಾರಿಲ್ಲ. 1985ರ ಸೆಪ್ಟೆಂಬರಿನಲ್ಲಿ ಎರಿಕ್ ಮ್ಯೂಹೆ ಅನ್ನುವ ಜರ್ಮನ್ ಸರ್ಜನ್ ಬೋಬ್ಲಿಂಗನ್ ಎಂಬ ಊರಲ್ಲಿ ಮೊದಲ ಸಲ ಇದನ್ನು ಮಾಡಿದಾಗ ಅವರ ದೇಶದ ದೊಡ್ಡ ಸರ್ಜನ್‌ಗಳೇ ಗೇಲಿ ಮಾಡಿದರು. ಐದೇ ವರ್ಷದಲ್ಲಿ, 1990ರಲ್ಲಿ, ಡಾ. ತೆಹೆಮ್‌ಟನ್ ಉದ್ವಾಡಿಯಾ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಭಾರತದ ಮೊದಲ ಆಪರೇಷನ್ ಮಾಡಿದರು. ಕಾರ್ಪೊರೇಟ್ ಆಸ್ಪತ್ರೆಗೂ ಮೊದಲು ಇದು ಬಂದದ್ದು ಸರ್ಕಾರಿ ಆಸ್ಪತ್ರೆಗೆ ಅನ್ನೋದನ್ನು ಗಮನಿಸಿ. ಯಾಕಂದರೆ ಇದರ ಲಾಭ ಹೆಚ್ಚು ಬೇಕಾದ್ದು ಕೂಲಿಗೆ. ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳಿಗೆ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದರೆ ಆ ಹಂಗಾಮೇ ಹೋಯಿತು. ತೂತಾದರೆ ಒಂದೆರಡು ವಾರಕ್ಕೆ ಎದ್ದು ಓಡಾಡುತ್ತಾಳೆ. ನಮಗೆ ಸಿಕ್ಕ್ ಲೀವ್ ಉಳಿಯುತ್ತದೆ, ಅವಳಿಗೆ ಅನ್ನ ಉಳಿಯುತ್ತದೆ.

ಆದರೆ ಈ ಆಪರೇಷನ್ನಿನಲ್ಲಿ ಒಂದು ಗುಂಡಿ ಇದೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಮೆಡಿಕಲ್ ಓದಬೇಕಿಲ್ಲ, ಕಾಲುವೆ ನೋಡಿದ್ದರೆ ಸಾಕು.

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಹರಿಯುತ್ತಿದೆ ಅಂದುಕೊಳ್ಳಿ. ಅದರ ಪಕ್ಕ ಒಂದು ಸಣ್ಣ ಕೃಷಿಹೊಂಡ. ಹೊಂಡಕ್ಕೂ ಕಾಲುವೆಗೂ ನಡುವೆ ಒಂದು ಗೇಣುದ್ದದ ಸಣ್ಣ ಹರಿ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ಅಲ್ಲಿಂದ ಕರುಳಿಗೆ ಅದನ್ನು ಒಯ್ಯುವ ಮುಖ್ಯ ಪಿತ್ತನಾಳವೇ ಕಾಲುವೆ. ಪಿತ್ತಕೋಶ ಪಕ್ಕದ ಹೊಂಡ, ಬರೀ ಸಂಗ್ರಹಕ್ಕೆ. ಹೊಂಡದಲ್ಲಿ ಕಲ್ಲು ತುಂಬಿದೆ, ಅದನ್ನು ತೆಗೆದುಬಿಡಬಹುದು, ಮನುಷ್ಯ ಆರಾಮಾಗಿ ಬದುಕುತ್ತಾನೆ. ಸರ್ಜನ್ ಮಾಡಬೇಕಾದ್ದು ಇಷ್ಟೇ: ಆ ಸಣ್ಣ ಹರಿಯನ್ನು, ಜೊತೆಗೆ ಹೊಂಡಕ್ಕೆ ರಕ್ತ ಕೊಡುವ ಸಣ್ಣ ರಕ್ತನಾಳವನ್ನು ಹುಡುಕಿ, ಕ್ಲಿಪ್ ಹಾಕಿ, ಕತ್ತರಿಸುವುದು.

ಈಗ ಹೊಂಡದ ಸುತ್ತ ವರ್ಷಗಟ್ಟಲೆ ಸೋಂಕಾಗಿ, ಬಾವು ಬಂದು, ಇಳಿದು, ಮತ್ತೆ ಬಂದು ಎಲ್ಲ ಗಟ್ಟಿಯಾಗಿ ಅಂಟಿಕೊಂಡಿದೆ. ಹರಿ ಕುಗ್ಗಿ ಮಾಯವಾಗಿದೆ. ಹೊಂಡವೇ ಕಾಲುವೆಗೆ ಮೆತ್ತಿಕೊಂಡಿದೆ. ಪಿತ್ತಕೋಶವನ್ನು ಹಿಡಿದು ಮೇಲಕ್ಕೆ ಎಳೆದಾಗ ಮುಖ್ಯ ನಾಳವೂ ಎಳೆಸಿಕೊಂಡು ಅದೇ ಸಾಲಿಗೆ ಬರುತ್ತದೆ, ಥೇಟ್ ಆ ಸಣ್ಣ ಹರಿಯ ಹಾಗೇ ಕಾಣುತ್ತದೆ. ಟಿ.ವಿ. ಪರದೆಯ ಮೇಲೆ ಎಲ್ಲ ದೊಡ್ಡದಾಗಿ, ಸ್ವಚ್ಛವಾಗಿ ಕಾಣುತ್ತಿದೆ. ಸರ್ಜನ್‌ಗೆ ಅನುಮಾನವೇ ಬರುವುದಿಲ್ಲ. ಕ್ಲಿಪ್, ಕ್ಲಿಪ್, ಕತ್ತರಿ. ಕತ್ತರಿಸಿದ್ದು ಕಾಲುವೆಯನ್ನು.

2003ರಲ್ಲಿ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂಥ 252 ಪ್ರಕರಣಗಳನ್ನು ಎದುರಿಗಿಟ್ಟುಕೊಂಡು ಎಲ್ಲಿ ತಪ್ಪಾಯಿತು ಅಂತ ನೋಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೂಟ್ ಕಾಸ್ ಅನಾಲಿಸಿಸ್. ನೂರಕ್ಕೆ 97ರಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ. ಕೈ ನಡುಗಿದ್ದು, ತಿಳಿವಳಿಕೆ ಕಡಿಮೆ ಇದ್ದದ್ದು ಕಾರಣ ಆಗಿರಲಿಲ್ಲ. ಈ ಒಂದು ಅಂಕಿಯನ್ನು ನಾನು ಎಷ್ಟು ಜನ ಸಾಫ್ಟ್‌ವೇರ್ ಗೆಳೆಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಿಮ್ಮ ಕೋಡ್ ಸರಿ ಇದೆ, ನಿಮ್ಮ ಕೈ ಸರಿ ಇದೆ, ನೀವು ಲಾಗಿನ್ ಆಗಿರುವುದೇ ಬೇರೆ ಸರ್ವರ್‌ಗೆ. ಎಷ್ಟು ಜಾಣನಾದರೂ ತಪ್ಪಿಸಿಕೊಳ್ಳೋಕೆ ಆಗದ ತಪ್ಪು ಅದು. ಅಪರೂಪದ್ದು ನಿಜ. ಹೊಟ್ಟೆ ತೆರೆದು ಮಾಡುತ್ತಿದ್ದಾಗ ಸಾವಿರಕ್ಕೆ ಒಂದೆರಡು, ತೂತಿನ ಆಪರೇಷನ್ ಬಂದ ಮೇಲೆ ಎರಡರಿಂದ ಐದು ಅಂತ ಲೆಕ್ಕ. ಆದರೆ ಇದು ಅತಿ ಸಾಮಾನ್ಯ ಆಪರೇಷನ್ನು, ಸಾವಿರಗಳು ಬೇಗ ಬೇಗ ತುಂಬುತ್ತವೆ.

ನಾಳ ಕತ್ತರಿಸಿದರೆ ಏನಾಗುತ್ತದೆ? ಬಹಳ ಸಲ ಆಪರೇಷನ್ ಥಿಯೇಟರಿನಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಎರಡು ಮೂರು ದಿನಕ್ಕೆ ಹೊಟ್ಟೆ ಉಬ್ಬುತ್ತದೆ, ಜ್ವರ, ಕಣ್ಣು ಹಳದಿ. ‘ಕಾಮಣಿ ಆಗ್ಯಾದ’ ಅಂತ ಊರಲ್ಲಿ ಯಾರೋ ಗಿಡಮೂಲಿಕೆ ಔಷಧಿ ಕುಡಿಸುತ್ತಾರೆ. ಆಮೇಲೆ ಕರುಳನ್ನು ಎತ್ತಿ ನಾಳದ ತುದಿಗೆ ಹೊಲಿಯುವ ದೊಡ್ಡ ಆಪರೇಷನ್. 1953ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆಂಥೊನಿ ಈಡನ್‌ಗೆ ಲಂಡನ್ನಿನಲ್ಲಿ ಗಾಲ್‌ಬ್ಲ್ಯಾಡರ್ ಆಪರೇಷನ್ ಆಗುವಾಗ ಪಿತ್ತನಾಳ ಹೋಯಿತು. ಆಗಿನ್ನೂ ತೂತಿನ ಕಾಲ ಅಲ್ಲ, ಹೊಟ್ಟೆ ತೆರೆದೇ ಮಾಡಿದ್ದು. ಅವರನ್ನು ಬಾಸ್ಟನ್ನಿಗೆ ಒಯ್ದು ರಿಚರ್ಡ್ ಕ್ಯಾಟೆಲ್ ಎಂಬ ಸರ್ಜನ್ ಕೈಯಲ್ಲಿ ರಿಪೇರಿ ಮಾಡಿಸಿದರು. ಮುಂದೆ ಅವರು ಪ್ರಧಾನಿಯೂ ಆದರು, ಆದರೆ ಜ್ವರ ಅವರನ್ನು ಬಿಡಲಿಲ್ಲ, ಮತ್ತೆ ಮತ್ತೆ ಆಪರೇಷನ್ ಟೇಬಲ್ ತಪ್ಪಲಿಲ್ಲ. ಮಂತ್ರಿಗೆ ಬಾಸ್ಟನ್ ಇತ್ತು. ಅರಕೇರಾದ ರೈತನಿಗೆ ಬಸ್ ಚಾರ್ಜಿಗೂ ಸಾಲ ಮಾಡಬೇಕು.

ಇನ್ನೊಂದು ಹಳೆಯ ಅಧ್ಯಯನ ನೆನಪಿಡುವಂಥದ್ದು. ಲೈಗಿಯಾ ಸ್ಟುವರ್ಟ್ ಮತ್ತು ಅದೇ ಲಾರೆನ್ಸ್ ವೇ 1995ರಲ್ಲಿ ಬರೆದದ್ದು. ನಾಳ ಕತ್ತರಿಸಿದ ಸರ್ಜನ್ನೇ ಕೂತು ರಿಪೇರಿ ಮಾಡಿದಾಗ ಯಶಸ್ಸು ನೂರಕ್ಕೆ 17. ಅದರಲ್ಲೇ ಪಳಗಿದ ಸರ್ಜನ್‌ಗೆ ಮೊದಲೇ ಒಪ್ಪಿಸಿದಾಗ 94. ಎರಡು ಅಂಕಿಗಳ ನಡುವೆ ಇರುವುದು ಒಂದು ಫೋನ್ ಕರೆ, ಒಂದು ಆಂಬುಲೆನ್ಸ್, ಮತ್ತು ‘ನನ್ನಿಂದ ಆಗೋದಿಲ್ಲ’ ಅನ್ನುವ ಒಂದು ಮಾತು.

ಇನ್ನು ದೇವದುರ್ಗಕ್ಕೆ ಬರೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ತಾಲ್ಲೂಕುಗಳನ್ನು ಅಳೆದಾಗ ಪಟ್ಟಿಯ ತಳದಲ್ಲಿ ಸಿಕ್ಕಿದ್ದು ಈ ತಾಲ್ಲೂಕು. ಹಿಂದುಳಿದಿರುವಿಕೆ ಅಂದರೆ ರಸ್ತೆ, ಶಾಲೆ, ಅಷ್ಟೇ ಅಂತ ನಾವು ತಿಳಿದಿದ್ದೇವೆ. ಅದು ಮನುಷ್ಯರ ಪಿತ್ತಕೋಶದ ಗೋಡೆಯಲ್ಲೂ ಇರುತ್ತದೆ, ದಪ್ಪಗೆ.

ಹೇಗೆ ಅಂತೀರಾ? ಮಾರತ್ತಹಳ್ಳಿಯಲ್ಲಿ ರಾತ್ರಿ ಬಿರಿಯಾನಿ ತಿಂದ ಮೇಲೆ ಬಲಪಕ್ಕೆ ಹಿಡಿದುಕೊಂಡರೆ ಮರುದಿನ ಸ್ಕ್ಯಾನ್ ಆಗುತ್ತದೆ, ವಾರದಲ್ಲಿ ಆಪರೇಷನ್. ಪಿತ್ತಕೋಶ ಇನ್ನೂ ಬದನೆಕಾಯಿಯ ಹಾಗೆ ನುಣ್ಣಗೆ, ನೀಲಿ ಹಸಿರಾಗಿ ಇರುತ್ತದೆ. ಇಪ್ಪತ್ತು ನಿಮಿಷದ ಯೂಟ್ಯೂಬ್ ವಿಡಿಯೊಗಳೆಲ್ಲ ಇಂಥವೇ. ಅಲ್ಲಿ ಹಾಗಲ್ಲ. ಮೊದಲ ಸಲ ನೋವು ಬಂದಾಗ ‘ಗ್ಯಾಸ್’ ಅಂತ ಒಂದು ಇಂಜೆಕ್ಷನ್, ಒಂದು ಗುಳಿಗೆ. ಎರಡನೇ ಸಲವೂ ಅದೇ. ಮೂರನೇ ಸಲ ಸ್ಕ್ಯಾನ್ ಮಾಡಿಸಿ ಕಲ್ಲು ಅಂತ ಗೊತ್ತಾದರೆ ‘ಹತ್ತಿ ಬಿಡಿಸೋದು ಮುಗೀಲಿ’. ಹತ್ತಿ ಮುಗಿದರೆ ಮೆಣಸಿನಕಾಯಿ. ಅದೂ ಮುಗಿದರೆ ಮಗಳ ಮದುವೆ. ಮಳೆ ಕೈಕೊಟ್ಟ ವರ್ಷ ಇಡೀ ಮನೆ ಗುಳೆ ಹೊರಡುತ್ತದೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಪುಣೆಗೆ, ಹೈದರಾಬಾದಿಗೆ. ನೋವು ಗಂಟಿನ ಜೊತೆ ಹೋಗುತ್ತದೆ. ನಾಲ್ಕು ವರ್ಷ, ಐದು ವರ್ಷ. ಅಷ್ಟರಲ್ಲಿ ಆ ಬದನೆಕಾಯಿ ಒಣಗಿದ ಹುಣಸೆಹಣ್ಣಾಗಿ ಲಿವರಿಗೆ, ಕರುಳಿಗೆ, ಮುಖ್ಯ ನಾಳಕ್ಕೆ ಅಂಟಿರುತ್ತದೆ. ಕಲ್ಲು ನಾಳವನ್ನೇ ಒತ್ತಿ ಕೊರೆದಿರುವುದೂ ಉಂಟು. ಅರ್ಜೆಂಟೀನಾದ ಪಾಬ್ಲೊ ಮಿರಿಝಿ ಅದನ್ನು 1948ರಲ್ಲೇ ವಿವರಿಸಿದರು, ಸರ್ಜನ್‌ಗಳು ಈಗಲೂ ಅವರ ಹೆಸರಿಂದಲೇ ಕರೆಯುತ್ತಾರೆ.

ಹಳೆಯ ರೂಢಿಯೊಂದು ಇನ್ನೂ ಓಡಾಡುತ್ತಿದೆ: ಬಾವು ಬಂದಿದೆ, ಆರು ವಾರ ಆರಲಿ, ಆಮೇಲೆ ನೋಡೋಣ. ಈಗಿನ ಮಾರ್ಗಸೂಚಿಗಳು, 2018ರ ಟೋಕಿಯೊ ಮಾರ್ಗಸೂಚಿ ಸೇರಿ, ರೋಗಿಯ ಮೈ ತಡೆಯುವಂತಿದ್ದರೆ ಮೊದಲ ಕೆಲವು ದಿನಗಳಲ್ಲೇ ಮಾಡಿ ಅನ್ನುತ್ತವೆ. ಹೊಸ ಬಾವು ಒದ್ದೆ ಮಣ್ಣಿನ ಹಾಗೆ, ಪದರ ಬಿಡಿಸಬಹುದು. ವಾರಗಳು ಕಳೆದರೆ ಸಿಮೆಂಟು. ಆರು ವಾರ ಬಿಟ್ಟು ಬನ್ನಿ ಅಂದರೆ ಬೆಂಗಳೂರಿನವರು ಕ್ಯಾಲೆಂಡರಿನಲ್ಲಿ ಹಾಕಿಕೊಂಡು ಬರುತ್ತಾರೆ. ಮಸರಕಲ್ಲಿನವರು ಮುಂದಿನ ಸುಗ್ಗಿ ಬಿಟ್ಟು ಬರುತ್ತಾರೆ, ಅದೂ ಆಂಬುಲೆನ್ಸಿನಲ್ಲಿ.

ಇಂಥ ಹೊಟ್ಟೆಯ ಒಳಗೆ ಕ್ಯಾಮೆರಾ ಇಳಿಸಿದ ಸರ್ಜನ್ ಏನು ಮಾಡಬೇಕು? ಇದಕ್ಕೆ ಉತ್ತರ ಇದೆ, ಮೂವತ್ತು ವರ್ಷದಿಂದ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾಳೆ ನಿಮ್ಮ ಅಪ್ಪನ ಹಾಸಿಗೆ ಪಕ್ಕ ನಿಂತು ಮಾತಾಡುವವರು ನೀವೇ.

ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ನಿಯಮ ಹೇಳಿದರು. ಏನನ್ನಾದರೂ ಕತ್ತರಿಸುವ ಮೊದಲು ಮೂರು ಸಂಗತಿ ಕಣ್ಣಿಗೆ ಕಾಣಬೇಕು. ಪಿತ್ತಕೋಶದ ಕುತ್ತಿಗೆ, ಲಿವರು, ನಾಳ ಇವುಗಳ ನಡುವಿನ ಮೂಲೆಯಲ್ಲಿರುವ ಕೊಬ್ಬು, ಅಂಟು ಎಲ್ಲ ಬಿಡಿಸಿ ಚೊಕ್ಕಟ ಆಗಿರಬೇಕು. ಪಿತ್ತಕೋಶದ ಕೆಳಗಿನ ಮೂರರಲ್ಲಿ ಒಂದು ಭಾಗ ಲಿವರಿನಿಂದ ಬಿಡಿಸಿಕೊಂಡು ಹಿಂದಿನ ಲಿವರ್ ಕಾಣುತ್ತಿರಬೇಕು. ಪಿತ್ತಕೋಶದೊಳಕ್ಕೆ ಹೋಗುವ ಕೊಳವೆಗಳು ಎರಡು, ಎರಡೇ ಎರಡು ಇರಬೇಕು. ಮೂರೂ ಕಂಡರೆ ಕೈ ಎತ್ತಿ, ಒಂದು ಕ್ಷಣ ನಿಂತು, ಪಕ್ಕದವರಿಗೆ ತೋರಿಸಿ, ಫೋಟೊ ತೆಗೆದುಕೊಂಡು, ಆಮೇಲೆ ಕ್ಲಿಪ್. ಇದಕ್ಕೆ ರೋಬಾಟ್ ಬೇಡ. ಕ್ಯಾಮೆರಾ ಹೇಗೂ ಒಳಗೇ ಇದೆ.

ಮೂರೂ ಕಾಣಲಿಲ್ಲ. ಆಗ? ಇಲ್ಲೇ ಇರುವುದು ಎಲ್ಲ. ಇನ್ನಷ್ಟು ಕೆರೆದು ನೋಡೋಣ ಅನ್ನುವ ಆಸೆಯೇ ಆ 97ರ ಕಡೆಗೆ ಒಯ್ಯುತ್ತದೆ. ಒಳಗೇ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದು ನಾಳದ ನಕ್ಷೆ ನೋಡಬಹುದು, ಸೌಕರ್ಯ ಇದ್ದರೆ. ಇನ್ನೊಬ್ಬ ಸರ್ಜನ್‌ನ ಕರೆಯಬಹುದು; ಭ್ರಮೆಗೆ ಬೀಳದ ಹೊಸ ಕಣ್ಣು ಅದು. ಲಿವರಿನ ಮೇಲೆ ಬಲಗಡೆ ಒಂದು ಸೀಳು ಇರುತ್ತದೆ, ರೂವಿಯೇ ಸೀಳು ಅಂತ ಹೆಸರು. ಬಹಳ ಜನರಲ್ಲಿ ಕಾಣುತ್ತದೆ. ಅದರಿಂದ ಮೇಲೆ ಮಾತ್ರ ಕೈ ಆಡಿಸು, ಕೆಳಗೆ ಇಳಿದರೆ ಅಪಾಯದ ಸೀಮೆ ಅಂತ ಲೆಕ್ಕ. ಹೊಲದ ಬದು ಇದ್ದ ಹಾಗೆ.

ಅದೂ ಆಗಲಿಲ್ಲ ಅಂದರೆ ಪಿತ್ತಕೋಶವನ್ನು ಪೂರ್ತಿ ತೆಗೆಯುವ ಹಟ ಬಿಡುವುದು. ಅಂಟಿಕೊಂಡಿರುವ ಕುತ್ತಿಗೆಯ ತಂಟೆಗೇ ಹೋಗದೆ, ಮೇಲಿನ ಭಾಗ ತೆರೆದು, ಕಲ್ಲುಗಳನ್ನೆಲ್ಲ ತೆಗೆದು, ಬಿಡಿಸಲು ಬರುವಷ್ಟು ಗೋಡೆ ಕತ್ತರಿಸಿ, ಉಳಿದದ್ದನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ಒಂದು ನಳಿಗೆ ಇಟ್ಟು ಹೊರಬರುವುದು. ಇದಕ್ಕೆ ಸಬ್‌ಟೋಟಲ್ ಅನ್ನುತ್ತಾರೆ. ಇದನ್ನೂ ಅದೇ ತೂತುಗಳಲ್ಲೇ ಮಾಡಬಹುದು. ಕೆಲವು ದಿನ ನಳಿಗೆಯಲ್ಲಿ ಪಿತ್ತ ಸೋರಬಹುದು, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ನಿಲ್ಲದಿದ್ದರೆ ಬಾಯಿಯಿಂದ ದುರ್ಬೀನು ಇಳಿಸಿ ನಾಳದಲ್ಲಿ ಸ್ಟೆಂಟ್ ಇಡುತ್ತಾರೆ. ಉಳಿದ ತುಣುಕಿನಲ್ಲಿ ಮುಂದೆ ಯಾವಾಗಲೋ ಮತ್ತೆ ಕಲ್ಲು ಆಗುವ ಸಣ್ಣ ಸಾಧ್ಯತೆಯೂ ಇದೆ. ಕಾಲುವೆ ಕತ್ತರಿಸುವುದರ ಮುಂದೆ ಇವೆಲ್ಲ ಎಷ್ಟರವು? ರೋಗಿಯ ಮೈ ಇದಕ್ಕೂ ತಡೆಯುವಂತಿಲ್ಲದಿದ್ದರೆ ಹೊರಗಿನಿಂದಲೇ ಸ್ಕ್ಯಾನ್ ನೋಡುತ್ತ ಪಿತ್ತಕೋಶಕ್ಕೆ ಒಂದು ನಳಿಗೆ ಹಾಕಿ, ಕೀವು ಇಳಿಸಿ, ಜ್ವರ ಇಳಿದ ಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಹೊಟ್ಟೆ ತೆರೆಯುವುದೂ ಒಂದು ದಾರಿ. ಆದರೆ ಹೊಸ ತಲೆಮಾರಿನ ಸರ್ಜನ್‌ಗಳು ಕಲಿತದ್ದೇ ತೂತಿನಲ್ಲಿ, ತೆರೆದು ಮಾಡಿದ ಅನುಭವ ಹಲವರಿಗೆ ಕಡಿಮೆ. ಹಾಗಾಗಿ ತೆರೆದ ಕೂಡಲೇ ಕ್ಷೇಮ ಅಂತಲೂ ಅಲ್ಲ. ಕ್ಷೇಮ ಇರುವುದು ಆ ಮೂಲೆಗೆ ಕೈ ಹಾಕದೆ ಇರುವುದರಲ್ಲಿ.

ಮಾನ್ವಿ ಕಡೆಯ ನಮ್ಮ ದೊಡ್ಡವ್ವನಿಗೆ ರಾಯಚೂರಿನಲ್ಲಿ ಇದೇ ಆಯಿತು. ಮೂರು ವರ್ಷ ಇಂಜೆಕ್ಷನ್ ಮೇಲೆ ತಳ್ಳಿದ ಹೊಟ್ಟೆ. ಸರ್ಜನ್ ಒಂದೂವರೆ ತಾಸು ಒಳಗೆ ನೋಡಿ, ಕಲ್ಲು ತೆಗೆದು, ಪಿತ್ತಕೋಶದ ಕುತ್ತಿಗೆ ಅಲ್ಲೇ ಬಿಟ್ಟು, ನಳಿಗೆ ಹಾಕಿ ಬಂದರು. ಚೀಲದಲ್ಲಿ ಹಸಿರು ಪಿತ್ತ ನೋಡಿದ್ದೇ ನಮ್ಮ ಅಣ್ಣತಮ್ಮಂದಿರು ಕೆಂಡ. ‘ಅರ್ಧ ಆಪರೇಷನ್ ಮಾಡಿ ಪೂರಾ ರೊಕ್ಕ ತಗೊಂಡಾನ. ಮ್ಯಾಲೆ ಎರಡು ದಿನ ಅಂದಾಂವ ಎಂಟು ದಿನ ಇಟ್ಟಾನ.’ ಬೆಂಗಳೂರಿನಲ್ಲಿರುವ ಒಬ್ಬ ಅಲ್ಲಿಂದಲೇ ಒಂದು ಸ್ಟಾರ್ ಕೊಟ್ಟ. ನಾನು ಫೋನಿನಲ್ಲಿ ಆ ಡಾಕ್ಟರನ್ನು ಕೇಳಿದೆ, ಪೂರ್ತಿ ಯಾಕೆ ತೆಗೀಲಿಲ್ಲ ಅಂತ. ಅವರು ಹೇಳಿದ್ದು: ‘ಸರ್, ಕತ್ತರಿಸೋದು ಕಷ್ಟ ಇರಲಿಲ್ಲ. ಏನು ಕತ್ತರಿಸ್ತಿದೀನಿ ಅಂತ ಕಾಣಿಸ್ತಿರಲಿಲ್ಲ.’ ನಳಿಗೆ ಎರಡನೇ ವಾರಕ್ಕೆ ತೆಗೆದರು. ದೊಡ್ಡವ್ವ ಈಗ ರೊಟ್ಟಿ ಬಡಿಯುತ್ತಾಳೆ, ಹೊಲಕ್ಕೆ ಹೋಗುತ್ತಾಳೆ, ‘ಅರ್ಧ ತಗದಾರಂತ’ ಅಂತ ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಾಳೆ. ಆ ಒಂದು ಸ್ಟಾರ್ ಇನ್ನೂ ಅಲ್ಲೇ ಇದೆ.

ಈಗ ಆ ಸರ್ಜನ್ ಜಾಗದಲ್ಲಿ ನಿಂತು ನೋಡಿ. ಹಟ ಹಿಡಿದು ಕೆರೆದು ಪೂರ್ತಿ ತೆಗೆದರೆ ಸಾವಿರದಲ್ಲಿ 990 ಸಲ ಶಭಾಷ್, ಐದು ಸ್ಟಾರ್, ಎರಡು ದಿನಕ್ಕೆ ಡಿಸ್ಚಾರ್ಜ್. ನಿಲ್ಲಿಸಿದರೆ ಪ್ರತಿ ಸಲವೂ ಬೈಗುಳ ಖಾತ್ರಿ. ಯಾವ ಎಂಜಿನಿಯರ್‌ಗಾದರೂ ಗೊತ್ತು, ಇಂಥ ಇನ್ಸೆಂಟಿವ್ ಇಟ್ಟು ಸೇಫ್ಟಿ ಬರಲಿ ಅಂತ ಕಾಯೋದು ಮೂರ್ಖತನ. ನಮ್ಮ ಕಂಪನಿಗಳಲ್ಲಿ ಶುಕ್ರವಾರ ಸಂಜೆ ರಿಲೀಸ್ ರೋಲ್‌ಬ್ಯಾಕ್ ಮಾಡಿದವನಿಗೆ ಯಾರೂ ಹೊಡೆಯಲು ಹೋಗುವುದಿಲ್ಲ. ಅದು ಬರೀ ಸಾಫ್ಟ್‌ವೇರು.

ಸರ್ಕಾರದ ಯೋಜನೆಯೂ ಇದೇ ತಕ್ಕಡಿಯಲ್ಲಿ ತೂಗುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡುತ್ತದೆ. ಒಳ್ಳೆಯದೇ, ನಮ್ಮ ಕಡೆ ಎಷ್ಟೋ ಮನೆಗಳ ಹೊಲ ಉಳಿದಿರುವುದು ಅದರಿಂದ. ಆದರೆ ಪ್ಯಾಕೇಜ್ ದರ ಆಪರೇಷನ್ನಿನ ಹೆಸರಿಗೆ ಕಟ್ಟಿದ್ದು. ಬದನೆಕಾಯಿಗೂ ಹುಣಸೆಹಣ್ಣಿಗೂ ಹೆಸರು ಒಂದೇ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಈ ದುಡ್ಡು ಕೊಡುವ ಸಂಸ್ಥೆ. ಅದು ಎರಡು ಕೆಲಸ ಮಾಡಲಿ ಅಂತ ನನ್ನ ಬೇಡಿಕೆ. ಒಂದು, ಕ್ಲೇಮ್ ಕಡತದಲ್ಲಿ ಯಾವುದೋ ಒಂದು ಫೋಟೊ ಇದ್ದರೆ ಸಾಲದು. ಕ್ಲಿಪ್ ಹಾಕುವ ಮೊದಲು ಆ ಮೂರು ಸಂಗತಿ ಕಾಣುವ ಫೋಟೊ ಇರಲಿ, ಕಾಣದಿದ್ದರೆ ಯಾಕೆ ಕಾಣಲಿಲ್ಲ, ಆಮೇಲೆ ಏನು ಮಾಡಿದರು ಅಂತ ಎರಡು ಸಾಲು ಇರಲಿ. ಎರಡು, ಸಬ್‌ಟೋಟಲ್ ಮಾಡಿದವರಿಗೆ, ನಳಿಗೆ ಹಾಕಿ ಮುಂದೆ ಕಳಿಸಿದವರಿಗೆ ಪೂರ್ತಿ ಮಾಡಿದವರಿಗಿಂತ ಒಂದು ರೂಪಾಯಿಯೂ ಕಡಿಮೆ ಆಗದಿರಲಿ.

‘ಅಯ್ಯೋ, ಹೀಗೆ ಬಿಟ್ಟರೆ ಕೈಲಾಗದವರೆಲ್ಲ ಸಬ್‌ಟೋಟಲ್ ಅಂತ ತಪ್ಪಿಸಿಕೊಳ್ತಾರೆ’ ಅಂತ ಒಬ್ಬ ಡಾಕ್ಟರ್ ಗೆಳೆಯನೇ ನನಗೆ ಹೇಳಿದ. ತಪ್ಪಿಸಿಕೊಳ್ಳಲಿ ಬಿಡಿ! ಕೈಲಾಗದವನು ತಪ್ಪಿಸಿಕೊಳ್ಳುವುದೇ ಅಲ್ಲವೇ ನಮಗೆ ಬೇಕಾದ್ದು? ನಿಜಕ್ಕೂ ಸುಲಭದ್ದನ್ನೂ ಬಿಟ್ಟು ಬರುತ್ತಿದ್ದರೆ ಫೋಟೊ ಹೇಳುತ್ತದೆ. ಅದಕ್ಕೇ ಫೋಟೊ. ಆಪರೇಷನ್ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಯಾರೂ ಕೇಳುವುದಿಲ್ಲ. ಕಲ್ಲಿನ ಡಬ್ಬಿ ಮಾತ್ರ ಮರೆಯದೆ ಕೇಳುತ್ತಾರೆ.

ಇನ್ನು ಏಮ್ಸ್ ವಿಷಯ. ರಾಯಚೂರಿನಲ್ಲಿ 2022ರ ಮೇ 13ರಿಂದ ಏಮ್ಸ್‌ಗಾಗಿ ಧರಣಿ ನಡೆಯಿತು, ದಿನಗಳ ಲೆಕ್ಕ ಸಾವಿರ ದಾಟಿತು. ಬೆಂಗಳೂರಿನ ಪತ್ರಿಕೆಗಳಿಗೆ ಅದು ಒಳಪುಟದ ಸುದ್ದಿ. ಆ ಬೇಡಿಕೆ ನೂರಕ್ಕೆ ನೂರು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಪಳಗಿದ ಸರ್ಜನ್ ಬೇಕು ಅಂದರೆ ಈಗ ಹೈದರಾಬಾದು, ಸುಮಾರು 200 ಕಿಲೋಮೀಟರ್. ಇಲ್ಲ ಬೆಂಗಳೂರು, 400ಕ್ಕೂ ಹೆಚ್ಚು. ಆದರೆ ಕಟ್ಟಡ ಬಂದರೆ ಎಲ್ಲ ಬಂತು ಅನ್ನುವ ನಂಬಿಕೆಗೆ ರಾಯಚೂರಿನಲ್ಲೇ ಉತ್ತರ ಇದೆ. ಓಪೆಕ್ ನೆರವಿನಲ್ಲಿ ಕಟ್ಟಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಅಲ್ಲೇ ಇದೆ. ಅಪೊಲೊ ಕೆಲವು ವರ್ಷ ನಡೆಸಿತು, ಬಿಟ್ಟಿತು, ಅದು ಮತ್ತೆ ಸರ್ಕಾರದ ಕೈಗೆ ಬಂತು. ಹೆಸರು ಸೂಪರ್ ಆದ ಮಾತ್ರಕ್ಕೆ ಒಳಗೆ ಸ್ಪೆಷಲಿಸ್ಟ್ ಬಂದು ಕೂರುವುದಿಲ್ಲ. ನಾಳೆಯೇ ಏಮ್ಸ್ ಮಂಜೂರಾದರೂ ಅದು ಎದ್ದು ನಿಲ್ಲುವಷ್ಟರಲ್ಲಿ ಎಷ್ಟು ಹತ್ತಿ ಹಂಗಾಮು ಕಳೆಯುತ್ತವೆ, ಎಷ್ಟು ಹೊಟ್ಟೆಗಳು ಸಿಮೆಂಟಾಗುತ್ತವೆ?

ಅದಕ್ಕೂ ಮೊದಲು ಆಗಬಹುದಾದದ್ದು ಸಣ್ಣದು, ಅಗ್ಗದ್ದು. 2007ರಿಂದ ರಾಯಚೂರಿನಲ್ಲಿ ರಿಮ್ಸ್ ಇದೆ, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜು, ಅಂದರೆ ಸರ್ಜರಿ ವಿಭಾಗ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಪಿತ್ತನಾಳ, ಲಿವರುಗಳಿಗೇ ಮೀಸಲಾದ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ದೇವದುರ್ಗ, ಮಾನ್ವಿ, ಸಿರವಾರ, ಲಿಂಗಸುಗೂರುಗಳಲ್ಲಿ ಆಪರೇಷನ್ ಮಾಡುವ ಪ್ರತಿಯೊಬ್ಬ ಸರ್ಜನ್ ಬಳಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಥಿಯೇಟರಿನಿಂದಲೇ ಪರದೆ ತೋರಿಸಿ ‘ಸರ್, ಇದೇನು ಕಾಣ್ತಿದೆ ನಿಮಗೆ?’ ಅಂತ ಕೇಳಲು ಒಂದು ನಂಬರ್ ಇರಲಿ. ಇಪ್ಪತ್ನಾಲ್ಕು ತಾಸು ಎತ್ತುವ ನಂಬರ್. ನಮ್ಮ ಪ್ರತಿ ಕಂಪನಿಯಲ್ಲೂ ಜಾಹೀರಾತು ತೋರಿಸುವ ಆ್ಯಪ್‌ಗೂ ಆನ್‌ಕಾಲ್ ಪಟ್ಟಿ ಇರುತ್ತದೆ, ರಾತ್ರಿ ಮೂರಕ್ಕೆ ಫೋನ್ ಎತ್ತುತ್ತೇವೆ. ಇದಕ್ಕೆ ಎಐ ಬೇಕು, ಸ್ಟಾರ್ಟಪ್ ಬೇಕು ಅಂತ ಈಗಲೇ ಸ್ಲೈಡ್ ತೆರೆಯುತ್ತಿರುವ ಗೆಳೆಯರೇ, ದಯವಿಟ್ಟು ಮುಚ್ಚಿ.

ನಮ್ಮ ಕೈಯಲ್ಲಿ ಇರುವುದು ಆ ಫೋನ್ ಕರೆ. ಮುಂದಿನ ಸಲ ಊರಿಂದ ‘ಕಲ್ಲು ಅಂತ ಹೇಳ್ಯಾರ’ ಅಂತ ಸುದ್ದಿ ಬಂದಾಗ ಮೊದಲು, ಹತ್ತಿ ಬಿಡಿಸೋಕೆ ಆಳು ಹಚ್ಚುವ ದುಡ್ಡು ಕಳಿಸಿ, ಈ ವಾರವೇ ಕರೆದುಕೊಂಡು ಹೋಗಿ ಅನ್ನಿ. ಆಮೇಲೆ ಡಾಕ್ಟರ್ ಕೈಗೆ ಫೋನ್ ಕೊಟ್ಟಾಗ ‘ಓಪನ್ ಬೇಡ’ ಅನ್ನುವ ಬದಲು ಹೀಗೆ ಕೇಳಿ: ‘ಸರ್, ಒಳಗೆ ಹೋದ ಮೇಲೆ ಸರಿಯಾಗಿ ಕಾಣಲಿಲ್ಲ ಅಂದ್ರೆ ಏನ್ ಮಾಡ್ತೀರಿ? ಯಾರನ್ನ ಕರೀತೀರಿ? ಎಲ್ಲಿಗೆ ಕಳಸ್ತೀರಿ? ಕ್ಲಿಪ್ ಹಾಕೋಕಿಂತ ಮೊದಲಿನ ಫೋಟೊ ಕೊಡ್ತೀರಲ್ಲ? ಅರ್ಧಕ್ಕ ನಿಲ್ಲಿಸಿದ್ರ ನಮ್ಮ ಮನಿಯವರು ಯಾರೂ ಜಗಳ ಮಾಡಂಗಿಲ್ಲ, ನಾ ಹೇಳ್ತೀನಿ ಅವರಿಗೆ.’ ಆಮೇಲೆ ಫೋನ್ ಅವ್ವನ ಕೈಗೆ ವಾಪಸ್ ಕೊಡಿಸಿ, ನಿಮ್ಮ ಅಣ್ಣತಮ್ಮಂದಿರಿಗೂ ಅದನ್ನೇ ಹೇಳಿ. ಆಪರೇಷನ್‌ಗೆ ಮೊದಲೇ.